ಗೃಹಾರೋಗ್ಯ: ಉಬ್ಬಸದ ಹೊಸ ಸೂಜಿಮದ್ದೂ ಉಸಿರಿನ ಅಳತೆಯೂ

ಉಬ್ಬಸದ ರೋಗಿಯನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸಿದವರಿಗೆ ರಾತ್ರಿಯ ಎರಡು ಗಂಟೆಯೆಂಬುದು ಎಂತಹ ಹೊತ್ತೆಂದು ಬೇರೆ ಹೇಳಬೇಕಾದುದಿಲ್ಲ. ರೋಗಿಯು ಮಲಗಲಾರನು, ಮುಂದಕ್ಕೆ ಬಾಗಿ, ಮೊಣಕಾಲುಗಳ ಮೇಲೆ ಕೈಯೂರಿ, ಒಂದೊಂದು ಉಸಿರನ್ನೂ ದುಡಿದು ಸಂಪಾದಿಸುವವನಂತೆ ಕುಳಿತಿರುತ್ತಾನೆ. ಎದೆಯೊಳಗಿನ ಸುಯ್ಯೆಂಬ ಸದ್ದು ಗೋಡೆಯಾಚೆಯವರಿಗೂ ಕೇಳಿಸುತ್ತದೆ. ಒಬ್ಬರು ಬೆನ್ನು ನೀವುತ್ತಾರೆ. ಒಬ್ಬರು ನೀರು ಕಾಯಿಸುತ್ತಾರೆ. ಮತ್ತೊಬ್ಬರು ಆಸ್ಪತ್ರೆಗೆ ಹೊರಡಬೇಕೆ, ಬೆಳಗಾಗುವವರೆಗೆ ಕಾಯಬಹುದೆ ಎಂದು ಬಾಗಿಲಲ್ಲಿ ನಿಂತು ಯೋಚಿಸುತ್ತಾರೆ. ನಮ್ಮ ಹಿರಿಯರು ಇದನ್ನು ಗೂರಲೆಂದೂ ದಮ್ಮೆಂದೂ ಕರೆದರು. ಆಯುರ್ವೇದದಲ್ಲಿ ಇದಕ್ಕೆ ತಮಕಶ್ವಾಸವೆಂದು ಹೆಸರು. ಇಂದಿನ ಆಸ್ಪತ್ರೆಗಳಲ್ಲಿ ಆಸ್ತಮಾ.

ಈ ರೋಗಿಗಳಲ್ಲಿ ಬಹುಮಂದಿಗೆ, ದಿನವೂ ತಪ್ಪದೆ ಸೇದತಕ್ಕ ಇನ್‌ಹೇಲರಿನ ಮದ್ದಿನಿಂದಲೇ ರೋಗವು ಹತೋಟಿಯಲ್ಲಿರುತ್ತದೆ. ಆದರೆ ನೂರು ಮಂದಿಯಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ, ಹೆಚ್ಚಿನ ಪ್ರಮಾಣದ ಮದ್ದನ್ನು ಕ್ರಮವಾಗಿ ಸೇದುತ್ತಿದ್ದರೂ ರೋಗವು ಸುಲಭವಾಗಿ ಮಣಿಯುವುದಿಲ್ಲ. ಇದನ್ನೇ ತೀವ್ರ ಉಬ್ಬಸವೆನ್ನುವರು. ಇಂತಹವರಿಗಾಗಿ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ‘ಜೈವಿಕ ಔಷಧ’ಗಳೆಂಬ ಹೊಸ ಬಗೆಯ ಸೂಜಿಮದ್ದುಗಳು ಒಂದೊಂದಾಗಿ ಬಂದಿವೆ. ಅವುಗಳ ಬೆಲೆ ದೊಡ್ಡದು. ಅವು ಹುಟ್ಟಿಸುವ ಆಸೆಯೂ ದೊಡ್ಡದು. ಕೆಲವು ತಿಂಗಳು ಸೂಜಿ ಹಾಕಿಸಿಕೊಂಡಮೇಲೆ ಆಸ್ಪತ್ರೆಯ ಯಂತ್ರದಲ್ಲಿ ಊದಿಸಿ ನೋಡಿದಾಗ ಉಸಿರಿನ ಅಂಕಿಯು ಅಷ್ಟಾಗಿ ಏರದಿದ್ದರೆ, “ಇಷ್ಟು ಹಣ ಸುರಿದೂ ಬಂದ ಫಲವೇನು?” ಎಂದು ಮನೆಯವರು ಮರುಗುವುದುಂಟು, ಮದ್ದನ್ನು ನಡುವೆಯೇ ಬಿಡಿಸುವುದೂ ಉಂಟು. ಆ ಒಂದು ಅಂಕಿಯಿಂದಲೇ ಮದ್ದಿನ ಗುಣವನ್ನು ತೂಗುವುದು ಸರಿಯೆ? ಪಂಡಿತರಾದ ವೈದ್ಯರೇ ಒಮ್ಮೆ ಹಾಗೆ ತೂಗಿ, ಒಳ್ಳೆಯ ಔಷಧವೊಂದನ್ನು ನಿಷ್ಫಲವೆಂದು ಬಹುಮಟ್ಟಿಗೆ ಬದಿಗಿಟ್ಟಿದ್ದರು. ಆ ವೃತ್ತಾಂತವನ್ನೂ ಅದರಿಂದ ಗೃಹಸ್ಥರು ತಿಳಿಯಬೇಕಾದುದನ್ನೂ ಈ ತಿಂಗಳು ಹೇಳುವೆವು.

ಮೊದಲು ಉಸಿರಿನ ಅಳತೆಯೆಂದರೇನೆಂಬುದನ್ನು ನೋಡೋಣ. ಲಂಡನ್ನಿನಲ್ಲಿ ಜಾನ್ ಹಚಿನ್‌ಸನ್ ಎಂಬ ವೈದ್ಯನು, ನೀರಿನಲ್ಲಿ ಬೋರಲಾಗಿ ತೇಲುವ ಒಂದು ಪಾತ್ರೆಯೊಳಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ, ಮನುಷ್ಯನು ಒಂದೇ ಉಸಿರಿನಲ್ಲಿ ಎಷ್ಟು ಗಾಳಿಯನ್ನು ಹೊರಬಿಡಬಲ್ಲನೆಂಬುದನ್ನು ಅಳೆದು, ೧೮೪೬ರಲ್ಲಿ ಪ್ರಕಟಿಸಿದನು. ಆ ಯಂತ್ರವೇ ಸ್ಪೈರೋಮೀಟರು. ಆದರೆ ಉಬ್ಬಸದಲ್ಲಿ ಕೆಡುವುದು ಗಾಳಿಯ ಮೊತ್ತಕ್ಕಿಂತ ಹೆಚ್ಚಾಗಿ ಅದು ಹೊರಡುವ ವೇಗ. ಬಾಯಿ ಕಿರಿದಾದ ಕೊಡದಲ್ಲಿಯೂ ನೀರು ಅಷ್ಟೇ ಇರುತ್ತದೆ. ಬಗ್ಗಿಸಿದಾಗ ನಿಧಾನವಾಗಿ ಸುರಿಯುತ್ತದೆ, ಅಷ್ಟೆ. ಆದುದರಿಂದ ೧೯೪೭ರಲ್ಲಿ ಫ್ರಾನ್ಸ್ ದೇಶದ ಟಿಫನೋ ಮತ್ತು ಪಿನೆಲಿ ಎಂಬ ವಿದ್ವಾಂಸರು, ರಭಸದಿಂದ ಊದಿದಾಗ ಮೊದಲನೆಯ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುವುದೆಂಬುದನ್ನು ಅಳೆಯುವ ಕ್ರಮವನ್ನು ತೋರಿಸಿಕೊಟ್ಟರು. ಆರೋಗ್ಯವಂತನಾದ ವಯಸ್ಕನು ತನ್ನ ಉಸಿರಿನ ಮುಕ್ಕಾಲು ಪಾಲನ್ನು, ಅಥವಾ ಅದಕ್ಕೂ ಹೆಚ್ಚನ್ನು, ಆ ಮೊದಲ ಸೆಕೆಂಡಿನಲ್ಲಿಯೇ ಹೊರದೂಡಬಲ್ಲನು. ಉಬ್ಬಸವು ಏರಿದಾಗ ಈ ಅಂಕಿಯು ಇಳಿಯುತ್ತದೆ. ಇಂದಿಗೂ ಶ್ವಾಸಕೋಶದ ಬಲವನ್ನು ವೈದ್ಯರು ಮುಖ್ಯವಾಗಿ ಇದರಿಂದಲೇ ತಿಳಿಯುವರು.

ಶ್ವಾಸನಾಳಗಳು ಕಿರಿದಾಗುವುದಕ್ಕೆ ಕಾರಣಗಳು ಒಂದಲ್ಲ, ನಾಲ್ಕು. ನಾಳದ ಸುತ್ತಲಿನ ಸ್ನಾಯುವು ಬಿಗಿಯುವುದು ಒಂದು. ಒಳಪೊರೆಯು ಕೆರಳಿ ಬಾತುಕೊಳ್ಳುವುದು ಎರಡು. ಅಂಟಾದ ಕಫವು ಬಿರಡೆಯಂತೆ ಸಿಕ್ಕಿಕೊಳ್ಳುವುದು ಮೂರು. ವರ್ಷಗಟ್ಟಳೆ ಕೆರಳಿ ಕೆರಳಿ ನಾಳದ ಗೋಡೆಯೇ ದಪ್ಪನಾಗಿ ಗಡುಸಾಗುವುದು ನಾಲ್ಕು. ಬಿಗಿದ ಸ್ನಾಯುವು ಇನ್‌ಹೇಲರಿನ ಮದ್ದಿನಿಂದ ನಿಮಿಷಗಳಲ್ಲಿ ಸಡಿಲುತ್ತದೆ. ಬಾವೂ ಕಫವೂ ಇಳಿಯಲು ದಿನಗಳೋ ವಾರಗಳೋ ಬೇಕು. ಗಡುಸಾದ ಗೋಡೆಯು ಮಾತ್ರ ಯಾವ ಮದ್ದಿಗೂ ಪೂರ್ತಿಯಾಗಿ ಮೊದಲಿನಂತಾಗುವುದಿಲ್ಲ. ಈ ಮಾತನ್ನು ಓದುವವರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಒಳಪೊರೆಯ ಕೆರಳಿಕೆಯನ್ನು ಅಡಗಿಸುವ ಬಲವಾದ ಮದ್ದೆಂದರೆ ಸ್ಟೀರಾಯ್ಡ್. ಈ ಜಾತಿಯ ಮೊದಲನೆಯ ಔಷಧವಾದ ಕಾರ್ಟಿಸೋನನ್ನು ೧೯೪೮ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹೆಂಚ್ ಅವರು ಕೀಲುವಾತದ ರೋಗಿಗೆ ಕೊಟ್ಟರು. ಎರಡು ವರ್ಷಗಳಲ್ಲಿಯೇ ಆ ಶೋಧಕ್ಕೆ ನೊಬೆಲ್ ಪಾರಿತೋಷಕವು ಬಂದಿತು. ಉಬ್ಬಸಕ್ಕೂ ಅದು ಸಂಜೀವಿನಿಯಂತೆ ಕಂಡಿತು. ಇನ್‌ಹೇಲರಿನಲ್ಲಿ ಸೇದುವ ಸ್ಟೀರಾಯ್ಡಿನ ಪ್ರಮಾಣವು ಬಹಳ ಸ್ವಲ್ಪ. ಅದು ಬೇಕಾದ ಎಡೆಗೇ ಹೋಗಿ ಬೀಳುವುದರಿಂದ ಅದಕ್ಕೆ ಅಂಜಬೇಕಾದುದಿಲ್ಲ. ಆದರೆ ಅದೇ ಮದ್ದನ್ನು ಮಾತ್ರೆಯಾಗಿ ತಿಂಗಳುಗಟ್ಟಳೆ ನುಂಗಿದರೆ, ಅಥವಾ ವರ್ಷದಲ್ಲಿ ನಾಲ್ಕಾರು ಸಲ ನುಂಗುತ್ತ ಬಂದರೆ, ಮೂಳೆಗಳು ಸವೆಯುತ್ತವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕಣ್ಣಿನ ಪೊರೆ ಬರುತ್ತವೆ. ಮುಖವು ಊದಿ ಚರ್ಮವು ತೆಳುವಾಗುತ್ತದೆ. ತೀವ್ರ ಉಬ್ಬಸದವರ ಸಂಕಟವೇ ಇದು: ಮಾತ್ರೆಯನ್ನು ಬಿಟ್ಟರೆ ಉಸಿರಿಲ್ಲ, ಹಿಡಿದರೆ ಒಡಲಿಲ್ಲ. ಈ ಇಕ್ಕಟ್ಟಿನಿಂದ ಬಿಡಿಸುವುದಕ್ಕಾಗಿಯೇ ಹೊಸ ಸೂಜಿಮದ್ದುಗಳು ಹುಟ್ಟಿದುವು.

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ಇಯೋಸಿನೋಫಿಲ್ ಎಂಬ ಜಾತಿಯುಂಟು. ಜರ್ಮನಿಯ ಪಾಲ್ ಎರ್ಲಿಕ್ ೧೮೭೯ರಲ್ಲಿ ಇವನ್ನು ಗುರುತಿಸಿದನು. ಇಯೋಸಿನ್ ಎಂಬ ಕೆಂಬಣ್ಣವನ್ನು ಹೀರಿ ಹೊಳೆಯುವುದರಿಂದ ಆ ಹೆಸರು. ಇಯೋಸ್ ಎಂದರೆ ಗ್ರೀಕರ ಉಷಾದೇವಿ. ಹೊಟ್ಟೆಯ ಹುಳುಗಳಂತಹ ಶತ್ರುಗಳನ್ನು ಎದುರಿಸುವುದು ಈ ಕಣಗಳ ಧರ್ಮ. ಆದರೆ ತೀವ್ರ ಉಬ್ಬಸದ ಬಹಳ ಮಂದಿಯಲ್ಲಿ ಶತ್ರುವಿಲ್ಲದಿದ್ದರೂ ಇವು ದಂಡುಕಟ್ಟಿ ಶ್ವಾಸನಾಳಗಳಿಗೆ ಇಳಿದು, ಒಳಪೊರೆಯನ್ನು ಸುಟ್ಟು, ಕಫವನ್ನು ಗಟ್ಟಿಮಾಡುತ್ತವೆ. ಮೂಳೆಯ ಮಜ್ಜೆಯಿಂದ ಇವನ್ನು ಎಬ್ಬಿಸಿ ಕರೆತರುವ ಓಲೆಕಾರನೊಬ್ಬನಿದ್ದಾನೆ. ಅದು ಇಂಟರ್‌ಲ್ಯೂಕಿನ್-೫ ಎಂಬ ರಾಸಾಯನಿಕ ವಸ್ತು. ಓಲೆಕಾರನನ್ನು ದಾರಿಯಲ್ಲಿಯೇ ಹಿಡಿದು ನಿಲ್ಲಿಸಿದರೆ ದಂಡು ಬಾರದಷ್ಟೆ.

ಹಾಗೆ ಒಂದೇ ಒಂದು ವಸ್ತುವನ್ನು ಗುರುತುಹಿಡಿದು ಕಟ್ಟಿಹಾಕತಕ್ಕ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ೧೯೭೫ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ಇವು ಜೀವಕೋಶಗಳಲ್ಲಿ ಬೆಳೆಯುವುವಾದುದರಿಂದಲೇ ಜೈವಿಕ ಔಷಧಗಳೆಂಬ ಹೆಸರು. ಉಬ್ಬಸಕ್ಕೆ ಮೊದಲು ಬಂದುದು ಓಮಲಿಜುಮ್ಯಾಬ್. ಅಮೆರಿಕದಲ್ಲಿ ೨೦೦೩ರಲ್ಲಿ ಅದಕ್ಕೆ ಅನುಮತಿಯಾಯಿತು. ಅದು ಹಿಡಿಯುವುದು ಅಲರ್ಜಿಗೆ ಮೂಲವಾದ ಐಜಿ-ಇ ಎಂಬ ವಸ್ತುವನ್ನು. ಆ ವಸ್ತುವನ್ನು ೧೯೬೬ರ ಸುಮಾರಿನಲ್ಲಿ ಬೆಳಕಿಗೆ ತಂದವರಲ್ಲಿ ಜಪಾನಿನ ಇಶಿಜಾಕ ದಂಪತಿಗಳು ಅಗ್ರಗಣ್ಯರು. ನಾವು ಹೇಳಹೊರಟ ವೃತ್ತಾಂತವು ಇನ್ನೊಂದು ಔಷಧದ್ದು: ಓಲೆಕಾರನನ್ನು ತಡೆಯುವ ಮೆಪೊಲಿಜುಮ್ಯಾಬಿನದು.

೨೦೦೦ದಲ್ಲಿ ಇದನ್ನು ಮೊದಲಾಗಿ ಇಪ್ಪತ್ತನಾಲ್ಕು ಮಂದಿ ಸೌಮ್ಯ ಉಬ್ಬಸದವರಲ್ಲಿ, ಕೆಲವರಿಗೆ ಮದ್ದನ್ನೂ ಕೆಲವರಿಗೆ ಹುಸಿಮದ್ದನ್ನೂ ಕೊಟ್ಟು, ಪರೀಕ್ಷಿಸಿದರು. ಮದ್ದು ಪಡೆದವರ ರಕ್ತದಲ್ಲಿಯೂ ಕಫದಲ್ಲಿಯೂ ಇಯೋಸಿನೋಫಿಲ್ ಕಣಗಳು ತೀರ ಕಡಿಮೆಯಾದುವು; ಆದರೆ ಅಲರ್ಜಿಯ ವಸ್ತುವನ್ನು ಮೂಸಿಸಿದಾಗ ನಾಳಗಳು ಮೊದಲಿನಂತೆಯೇ ಬಿಗಿದುಕೊಂಡವು. ೨೦೦೭ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ೩೬೨ ಮಂದಿಯಿದ್ದರು. ಮುಂಜಾನೆ ಎಷ್ಟು ರಭಸದಿಂದ ಊದಬಲ್ಲರೆಂಬುದೇ ಅಲ್ಲಿ ಮುಖ್ಯವಾದ ಅಳತೆ. ಮದ್ದಿಗೂ ಹುಸಿಮದ್ದಿಗೂ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ. ಇಯೋಸಿನೋಫಿಲ್ ಕಣಗಳಿಗೂ ಉಬ್ಬಸಕ್ಕೂ ಸಂಬಂಧವಿದೆಯೆಂಬುದೇ ಸುಳ್ಳಿರಬಹುದೆಂದು ಸಂಶಯಪಟ್ಟವರಿದ್ದರು.

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿಯೂ ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿಯೂ ಇದ್ದ ಎರಡು ವೈದ್ಯಮಂಡಲಿಗಳು ಮಾತ್ರ ಹಾಗೆ ತಿಳಿಯಲಿಲ್ಲ. ಇವರು ಬಹುಕಾಲದಿಂದ ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕಣಗಳನ್ನು ಎಣಿಸುತ್ತ ಬಂದವರು. ಎಲ್ಲ ಉಬ್ಬಸದವರ ಕಫದಲ್ಲಿಯೂ ಇಯೋಸಿನೋಫಿಲ್ ಇರುವುದಿಲ್ಲವೆಂಬುದೂ, ಅವು ಹೆಚ್ಚಾದಾಗ ರೋಗವು ಥಟ್ಟನೆ ಉಲ್ಬಣಿಸುವುದೆಂಬುದೂ ಇವರಿಗೆ ಅನುಭವದಿಂದ ತಿಳಿದಿತ್ತು. ಹಾಗಿದ್ದಮೇಲೆ ಆ ಕಣಗಳಿರುವವರನ್ನೇ ಆರಿಸಿಕೊಳ್ಳಬೇಕು. ಅಳೆಯತಕ್ಕದ್ದು ದಿನದಿನದ ಊದುವ ಬಲವನ್ನಲ್ಲ, ವರ್ಷದಲ್ಲಿ ಎಷ್ಟು ಸಲ ರೋಗವು ಉಲ್ಬಣಿಸಿತೆಂಬುದನ್ನು, ಮಾತ್ರೆಯನ್ನು ಎಷ್ಟು ಇಳಿಸಲಾಯಿತೆಂಬುದನ್ನು. ಈ ಆಲೋಚನೆಯಿಂದ ನಡೆದ ಎರಡು ಪರೀಕ್ಷೆಗಳು ೨೦೦೯ರಲ್ಲಿ ಒಟ್ಟಿಗೆ ಪ್ರಕಟವಾದುವು. ಲೆಸ್ಟರಿನಲ್ಲಿ ಹಲ್ದಾರ್, ಪೇವರ್ಡ್ ಮೊದಲಾದವರು ೬೧ ಮಂದಿಯನ್ನು ಒಂದು ವರ್ಷ ನೋಡಿದರು. ಹುಸಿಮದ್ದಿನವರಿಗೆ ಸರಾಸರಿ ತಲೆಗೆ ೩.೪ ಸಲ ರೋಗವು ಉಲ್ಬಣಿಸಿದರೆ, ಮದ್ದಿನವರಿಗೆ ೨ ಸಲ ಮಾತ್ರ. ಹ್ಯಾಮಿಲ್ಟನ್ನಿನಲ್ಲಿ ಪರಮೇಶ್ವರನ್ ನಾಯರ್ ಮೊದಲಾದವರು, ಸ್ಟೀರಾಯ್ಡ್ ಮಾತ್ರೆಯನ್ನು ಬಿಡಲಾರದಿದ್ದ ೨೦ ಮಂದಿಯನ್ನು ತೆಗೆದುಕೊಂಡರು. ಹುಸಿಮದ್ದು ಪಡೆದ ೧೧ ಮಂದಿಯಲ್ಲಿ ೧೦ ಮಂದಿಗೆ ಉಬ್ಬಸವು ಉಲ್ಬಣಿಸಿತು. ಮದ್ದು ಪಡೆದ ೯ ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಮಾತ್ರೆಯೂ ಬಹಳವಾಗಿ ಇಳಿಯಿತು. ಲೆಸ್ಟರಿನಲ್ಲಿ ಮೊದಲ ಸೆಕೆಂಡಿನ ಉಸಿರಿನ ಅಂಕಿಯೋ, ಎರಡು ಗುಂಪಿನಲ್ಲಿಯೂ ಹೆಚ್ಚುಕಡಿಮೆ ಒಂದೇ!

ಔಷಧವು ಅದೇ ಔಷಧ. ಬದಲಾದುದು ರೋಗಿಯ ಆಯ್ಕೆ ಮತ್ತು ಅಳೆಯುವ ಕೋಲು. ಉಬ್ಬಸವು ಒಂದೇ ರೋಗವೆಂದೂ, ಉಸಿರಿನ ಅಂಕಿಯೇ ಅದರ ಪೂರ್ತಿ ಲೆಕ್ಕವೆಂದೂ ಭಾವಿಸಿದಷ್ಟು ಕಾಲ ಮದ್ದಿನ ಗುಣವು ಮರೆಯಾಗಿಯೇ ಇತ್ತು. ಅನಂತರ ೨೦೧೪ರಲ್ಲಿ ೫೭೬ ಮಂದಿಯ ದೊಡ್ಡ ಪರೀಕ್ಷೆಯು ಅದನ್ನು ದೃಢಪಡಿಸಿತು: ರೋಗದ ಉಲ್ಬಣಗಳು ಸುಮಾರು ಅರ್ಧಕ್ಕೆ ಇಳಿದುವು. ೨೦೧೫ರಲ್ಲಿ ಅಮೆರಿಕದಲ್ಲಿ ಅನುಮತಿಯಾಯಿತು. ಆ ದೊಡ್ಡ ಪರೀಕ್ಷೆಯಲ್ಲಿ ಉಸಿರಿನ ಅಂಕಿಯೂ ಏರದೆ ಇರಲಿಲ್ಲ. ಹುಸಿಮದ್ದಿನವರಿಗಿಂತ ಸುಮಾರು ೧೦೦ ಮಿಲಿಲೀಟರ್ ಹೆಚ್ಚಾಯಿತು. ಎಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು. ಆಮೇಲೆ ಬಂದ ಔಷಧಗಳ ಕತೆಯೂ ಇದೇ ತೆರನಾದುದು. ಬೆನ್ರಲಿಜುಮ್ಯಾಬ್ ೨೦೧೭ರಲ್ಲಿ, ಉಬ್ಬಸಕ್ಕೆ ಡ್ಯುಪಿಲುಮ್ಯಾಬ್ ೨೦೧೮ರಲ್ಲಿ, ಟೆಜೆಪೆಲುಮ್ಯಾಬ್ ೨೦೨೧ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದುವು. ೧,೯೦೨ ಮಂದಿಯಲ್ಲಿ ನಡೆದ ಡ್ಯುಪಿಲುಮ್ಯಾಬ್ ಪರೀಕ್ಷೆಯಲ್ಲಿ ಉಲ್ಬಣಗಳು ಸುಮಾರು ಅರ್ಧದಷ್ಟಾದುವು. ಉಸಿರು ಹನ್ನೆರಡು ವಾರಗಳಲ್ಲಿ ಹುಸಿಮದ್ದಿನವರಿಗಿಂತ ಸುಮಾರು ೧೪೦ ಮಿಲಿಲೀಟರ್ ಹೆಚ್ಚಿತು.

ಇಷ್ಟು ಬಲವಾದ ಮದ್ದಿನಿಂದ ಉಸಿರಿನ ಅಂಕಿಯು ಇಷ್ಟೇ ಏರುವುದೇಕೆಂದು ಕೇಳಬಹುದು. ಮೇಲೆ ಹೇಳಿದ ನಾಲ್ಕು ಕಾರಣಗಳನ್ನು ಜ್ಞಾಪಿಸಿಕೊಳ್ಳಿರಿ. ಈ ಮದ್ದುಗಳು ಬಾವನ್ನೂ ಕಫವನ್ನೂ ಇಳಿಸಬಲ್ಲುವು. ಗಡುಸಾದ ಗೋಡೆಯನ್ನು ಕರಗಿಸಲಾರವು. ಒಳಗೆ ಸುಣ್ಣ ಕಟ್ಟಿದ ನೀರಿನ ಕೊಳವೆಯಲ್ಲಿ ಸಿಕ್ಕಿದ ಕಸವನ್ನು ತೆಗೆದರೆ ನೀರು ಹರಿದೀತು. ಆದರೆ ಹೊಸ ಕೊಳವೆಯ ಹಾಗೆ ಹರಿಯಲಾರದು. ಅದಲ್ಲದೆ ಆಸ್ಪತ್ರೆಯಲ್ಲಿ ಊದಿ ನೋಡುವುದು ರೋಗಿಯು ನೆಟ್ಟಗಿರುವ ದಿನ. ಪ್ರಾಣವನ್ನು ತೆಗೆಯುವುದೋ ಕೆಟ್ಟ ರಾತ್ರಿ. ಬೇಸಗೆಯಲ್ಲಿ ಸೂರನ್ನು ನೋಡಿ ಮನೆ ಸೋರುವುದಿಲ್ಲವೆನ್ನಲಾದೀತೆ? ಮಳೆಗಾಲದಲ್ಲಿ ಎಷ್ಟು ಸಲ ಸೋರಿತೆಂಬುದೇ ಲೆಕ್ಕ. ಇನ್ನೊಂದು ಮಾತು: ಸರಾಸರಿಯೆಂಬುದು ಯಾರೊಬ್ಬರ ಅಂಕಿಯೂ ಅಲ್ಲ. ರಕ್ತದಲ್ಲಿ ಇಯೋಸಿನೋಫಿಲ್ ಹೆಚ್ಚಾಗಿದ್ದು, ಕಫದ ಬಿರಡೆಗಳಿಂದಲೇ ನಾಳಗಳು ಕಟ್ಟಿಕೊಂಡಿರುವವರಲ್ಲಿ ಕೆಲವರಿಗೆ ಉಸಿರು ಅರ್ಧ ಲೀಟರಿಗೂ ಮೇಲೆ ಏರುವುದುಂಟು. ಇಪ್ಪತ್ತು ಮೂವತ್ತು ವರ್ಷ ರೋಗವನ್ನುಂಡು ನಾಳಗಳು ಗಡುಸಾದವರಿಗೆ ಏನೂ ಏರದಿರುವುದೂ ಉಂಟು.

ಹಾಗೆಂದು ಉಸಿರಿನ ಅಂಕಿಯನ್ನು ಕಡೆಗಣಿಸಲಾಗದು. ತೀವ್ರವಾದ ಉಲ್ಬಣಗಳು ಮತ್ತೆಮತ್ತೆ ಬಂದವರಲ್ಲಿ ಶ್ವಾಸಕೋಶದ ಬಲವು, ವಯಸ್ಸಿಗೆ ಸಹಜವಾದುದಕ್ಕಿಂತ ಬೇಗನೆ ಕುಂದುವುದನ್ನು ವೈದ್ಯರು ಕಂಡಿದ್ದಾರೆ. ಆದುದರಿಂದ ಈ ದಿನದ ಅಂಕಿಯು ಏರದಿದ್ದರೂ, ಮುಂದೆ ಅದು ಜಾರದಂತೆ ಕಾಯುವುದೂ ಲಾಭವೇ. ಕಳೆದುಹೋದ ಉಸಿರನ್ನು ಕೊಂಡುತರುವ ಅಂಗಡಿಯಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು. ತಕ್ಕ ರೋಗಿಗೆ ತಡಮಾಡದೆ ಮದ್ದನ್ನು ಆರಂಭಿಸಬೇಕೆನ್ನುವುದು ಇದಕ್ಕಾಗಿಯೇ.

ಇನ್ನು ಗೃಹಸ್ಥರು ಏನು ಮಾಡತಕ್ಕದ್ದೆಂಬುದನ್ನು ಹೇಳುವೆವು. ಸೂಜಿಯ ಮಾತೆತ್ತುವುದಕ್ಕೆ ಮುಂಚೆ, ಇರುವ ಇನ್‌ಹೇಲರನ್ನು ರೋಗಿಯು ಸರಿಯಾದ ಕ್ರಮದಲ್ಲಿ, ದಿನವೂ ಸೇದುತ್ತಿದ್ದಾನೆಯೇ ಎಂಬುದನ್ನು ವೈದ್ಯರ ಮುಂದೆಯೇ ಸೇದಿ ತೋರಿಸಿ ಖಚಿತಪಡಿಸಿಕೊಳ್ಳಬೇಕು. ಮಣಿಯದ ರೋಗವೆಂದು ಬಂದವರಲ್ಲಿ ಹಲವರದು ಮದ್ದು ಎದೆಗಿಳಿಯದೆ ಗಂಟಲಲ್ಲಿಯೇ ನಿಂತ ರೋಗ. ಬೀಡಿ ಸಿಗರೇಟು, ಒಲೆಯ ಹೊಗೆ, ಧೂಪದ ಹೊಗೆ, ಜಿರಲೆ, ಹಾಸಿಗೆಯ ಧೂಳು ಇವುಗಳ ಕಡೆಗೂ ನೋಡಬೇಕು. ಇಷ್ಟಾದರೂ ರೋಗವು ಮಣಿಯದಿದ್ದರೆ ರಕ್ತದಲ್ಲಿ ಇಯೋಸಿನೋಫಿಲ್ ಕಣಗಳನ್ನು ಎಣಿಸುವರು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಈ ಎಣಿಕೆಯು ಇಳಿದು ಮೋಸಗೊಳಿಸುವುದು. ನಮ್ಮ ದೇಶದಲ್ಲಿ ಹೊಟ್ಟೆಯ ಹುಳುಗಳಿಂದ ಏರಿ ಮೋಸಗೊಳಿಸುವುದೂ ಉಂಟು. ಹುಳುವಿದ್ದರೆ ಮೊದಲು ಅದಕ್ಕೆ ಮದ್ದಾಗಬೇಕು. ಹುಳುವನ್ನು ಎದುರಿಸುವ ದಂಡನ್ನು ಮೊದಲೇ ಅಡಗಿಸುವುದು ವಿವೇಕವಲ್ಲ. ಯಾವ ಸೂಜಿ ಯಾರಿಗೆಂಬುದನ್ನು ಶ್ವಾಸಕೋಶದ ತಜ್ಞರೇ ನಿರ್ಣಯಿಸತಕ್ಕದ್ದು. ಔಷಧವನ್ನನುಸರಿಸಿ ಎರಡು, ನಾಲ್ಕು, ಅಥವಾ ಎಂಟು ವಾರಗಳಿಗೊಮ್ಮೆ ಚರ್ಮದಡಿಯಲ್ಲಿ ಚುಚ್ಚುವರು.

ಸೂಜಿ ಆರಂಭವಾದಮೇಲೆ ಮನೆಯ ಹಿರಿಯರೊಬ್ಬರು ಒಂದು ಲೆಕ್ಕದ ಪುಸ್ತಕವನ್ನು ಇಡುವುದು ಬಹಳ ಒಳ್ಳೆಯದು. ಹಾಲಿನ ಲೆಕ್ಕ ಬರೆಯುವ ಕೈಗೆ ಇದು ಹೊರೆಯಲ್ಲ. ರಾತ್ರಿ ಎಷ್ಟು ಸಲ ಎಚ್ಚರವಾಯಿತು. ಸ್ಟೀರಾಯ್ಡ್ ಮಾತ್ರೆಯನ್ನು ಯಾವ ದಿನ, ಎಷ್ಟು ನುಂಗಿದುದು. ಆಸ್ಪತ್ರೆಗೆ ಎಷ್ಟು ಸಲ ಓಡಿದುದು. ಮೆಟ್ಟಿಲು ಹತ್ತುವುದು, ನೀರು ಸೇದುವುದು, ಶಾಲೆಗೋ ಕೆಲಸಕ್ಕೋ ಹೋಗುವುದು ಎಷ್ಟರಮಟ್ಟಿಗೆ ಸಾಧ್ಯವಾಯಿತು. ಕಡೆಯದಾಗಿ ಊದಿದ ಅಂಕಿ. ಈ ಐದನ್ನೂ ಸೂಜಿಗೆ ಹಿಂದಿನ ವರ್ಷದ ಲೆಕ್ಕದೊಡನೆ ಹೋಲಿಸಬೇಕು. ಕಡೆಯ ಪಕ್ಷ ನಾಲ್ಕು ತಿಂಗಳಾದರೂ ಕಾದು ನೋಡಬೇಕು. ಉಲ್ಬಣಗಳ ಲೆಕ್ಕಕ್ಕೆ ವರ್ಷವೇ ಬೇಕಾಗಬಹುದು. ಐದರಲ್ಲಿ ಯಾವುದೂ ಸುಧಾರಿಸದಿದ್ದರೆ ಮದ್ದನ್ನು ಬದಲಿಸುವುದೋ ಬಿಡುವುದೋ ನ್ಯಾಯವೇ. ದುಬಾರಿಯ ಮದ್ದೆಂಬ ಅಭಿಮಾನದಿಂದ ಎಳೆದಾಡಬೇಕಾದುದಿಲ್ಲ. ಆದರೆ ಮೊದಲ ನಾಲ್ಕು ಕಲಮುಗಳು ಸುಧಾರಿಸಿ ಐದನೆಯದು ಮಾತ್ರ ನಿಂತಲ್ಲೇ ನಿಂತಿದ್ದರೆ, ಮದ್ದು ತನ್ನ ಕೆಲಸವನ್ನು ಮಾಡುತ್ತಿದೆಯೆಂದೇ ತಿಳಿಯತಕ್ಕದ್ದು.

ಕೆಲವು ಎಚ್ಚರಿಕೆಗಳುಂಟು. ಈ ಸೂಜಿಯು ಬಂದೆರಗಿದ ಉಬ್ಬಸವನ್ನು ಆ ಗಳಿಗೆಯಲ್ಲಿ ಇಳಿಸುವ ಮದ್ದಲ್ಲ. ಆಗ ಎಂದಿನ ಇನ್‌ಹೇಲರೇ, ಮಿಕ್ಕಿದರೆ ಆಸ್ಪತ್ರೆಯೇ. ಸೂಜಿ ಬಂದಿತೆಂದು ದಿನದ ಇನ್‌ಹೇಲರನ್ನು ಮೂಲೆಗಿಡಬಾರದು. ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಲೇಬಾರದು. ಬಹುಕಾಲ ಮಾತ್ರೆ ನುಂಗಿದವರಲ್ಲಿ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಆ ರಸವನ್ನು ತಾವೇ ತಯಾರಿಸುವ ಅಭ್ಯಾಸವನ್ನು ಮರೆತಿರುತ್ತವೆ, ಒಮ್ಮೆಗೇ ನಿಲ್ಲಿಸಿದರೆ ಪ್ರಾಣಾಪಾಯವಾದೀತು. ಸೂಜಿ ಹಾಕಿಸಿಕೊಂಡಮೇಲೆ ಎಲ್ಲಿಯೋ ಅಪರೂಪವಾಗಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವುದುಂಟಾದುದರಿಂದ, ಮೊದಮೊದಲು ಆಸ್ಪತ್ರೆಯಲ್ಲಿಯೇ ಹಾಕಿಸಿಕೊಂಡು ಸ್ವಲ್ಪ ಹೊತ್ತು ಕುಳಿತಿದ್ದು ಬರಬೇಕು. ಇದು ರೋಗವನ್ನು ಬೇರುಸಹಿತ ಕೀಳುವ ಮದ್ದೂ ಅಲ್ಲ. ಮೂರು ವರ್ಷಕ್ಕೂ ಮೇಲ್ಪಟ್ಟು ಮೆಪೊಲಿಜುಮ್ಯಾಬನ್ನು ಪಡೆದವರಲ್ಲಿ ಅದನ್ನು ನಿಲ್ಲಿಸಿ ನೋಡಿದಾಗ ಉಲ್ಬಣಗಳು ಮತ್ತೆ ಹೆಚ್ಚಿದುವು. ಆದುದರಿಂದ ಆರಂಭಿಸುವ ಮೊದಲೇ, ಎಷ್ಟು ಕಾಲ ನಡೆಸಲು ಮನೆಯ ಶಕ್ತಿಯಿದೆ, ವಿಮೆಯಿಂದಾಗಲಿ ಬೇರೆ ಕಡೆಯಿಂದಾಗಲಿ ನೆರವು ದೊರೆಯುವುದೆ ಎಂಬುದನ್ನು ವೈದ್ಯರೊಡನೆ ಸಂಕೋಚಪಡದೆ ಮಾತನಾಡಿಕೊಳ್ಳಬೇಕು.

ರೋಗಿಯೊಡನೆ ಆಡುವ ಮಾತಿನಲ್ಲಿಯೂ ಜಾಗರೂಕತೆಯಿರಲಿ. ಊದಿದ ಅಂಕಿಯನ್ನು ಪರೀಕ್ಷೆಯ ಗುಣಗಳಂತೆ ಎಣಿಸಿ, “ಹೋದಸಲಕ್ಕಿಂತ ಏರಲಿಲ್ಲವಲ್ಲ” ಎಂದು ಮುಖ ಸಣ್ಣದುಮಾಡಿದರೆ, ಆತನಿಗೆ ಮನೆಯ ಹಣವನ್ನು ತಾನು ತಿಂದೆನೆಂಬ ನೋವು ಹತ್ತುತ್ತದೆ. ಈ ವರ್ಷ ದೀಪಾವಳಿಯನ್ನು ಆಸ್ಪತ್ರೆಯಲ್ಲಿ ಕಳೆಯಲಿಲ್ಲ, ಮೂರು ತಿಂಗಳಿಂದ ಮಾತ್ರೆ ಮುಟ್ಟಿಲ್ಲ, ರಾತ್ರಿಯ ಎರಡು ಗಂಟೆಗೆ ಮನೆಯಲ್ಲಿ ದೀಪ ಉರಿಯಲಿಲ್ಲ ಎಂಬುದನ್ನು ನೆನಪಿಸಿಕೊಡಿರಿ. ಅವೂ ಅಳತೆಗಳೇ.

ಇನ್‌ಹೇಲರನ್ನು ಸರಿಯಾಗಿ ಸೇದುವ ಕ್ರಮವನ್ನೂ, ಮಕ್ಕಳಿಗೆ ಅದನ್ನು ಕಲಿಸುವ ಬಗೆಯನ್ನೂ ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.